ನಿನ್ನೆಯ ಪ್ರತಿಯನ್ನು ಕಾಯುವ ಕಷ್ಟ

1998ರ ಒಂದು ದಿನ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಪಾಯಿಂಟ್ ರಿಚ್ಮಂಡ್‌ನಲ್ಲಿದ್ದ ಪಿಕ್ಸಾರ್ ಚಿತ್ರಸಂಸ್ಥೆಯಲ್ಲಿ 'ಟಾಯ್ ಸ್ಟೋರಿ 2' ಎಂಬ ಕಂಪ್ಯೂಟರ್ ಆನಿಮೇಷನ್ ಚಿತ್ರದ ಕೆಲಸ ಭರದಿಂದ ಸಾಗಿತ್ತು. ತಾಂತ್ರಿಕ ವಿಭಾಗದ ಓರೆನ್ ಜೇಕಬ್ ಮತ್ತು ಅವರ ಜತೆಗಾರರು ಕಥಾನಾಯಕನಾದ ಕೌಬಾಯ್ ಗೊಂಬೆ 'ವುಡಿ'ಯ ಕಡತಗಳನ್ನು ಪರದೆಯ ಮೇಲೆ ನೋಡುತ್ತಿದ್ದರು. ನೋಡುತ್ತಿದ್ದಂತೆಯೇ ವುಡಿಯ ಟೊಪ್ಪಿಗೆ ಇಲ್ಲವಾಯಿತು. ಮತ್ತೊಮ್ಮೆ ನೋಡಿದರೆ ಬೂಟುಗಳಿಲ್ಲ. ಮಗದೊಮ್ಮೆ ನೋಡಿದರೆ ವುಡಿಯೇ ಇಲ್ಲ.

ಸಂಸ್ಥೆಯ ಒಳಗೇ ಯಾರೋ ಒಬ್ಬರು ತಪ್ಪು ಜಾಗದಲ್ಲಿ ನಿಂತು ಕಂಪ್ಯೂಟರಿಗೆ ಒಂದು ಚಿಕ್ಕ ಆಜ್ಞೆ ಕೊಟ್ಟಿದ್ದರು. ಯುನಿಕ್ಸ್ ವ್ಯವಸ್ಥೆಯಲ್ಲಿ 'ಆರ್‌ಎಂ' ಎಂಬ ಎರಡಕ್ಷರದ ಆಜ್ಞೆಯೊಂದಿದೆ. ಅದಕ್ಕೆ ಒಂದು ಬಾಲ ಜೋಡಿಸಿದರೆ 'ಇಲ್ಲಿಂದ ಕೆಳಗಿರುವುದನ್ನೆಲ್ಲ ಏನೂ ಕೇಳದೆ ಅಳಿಸು' ಎಂದಾಗುತ್ತದೆ. ಕಂಪ್ಯೂಟರು ವಿಧೇಯ ಸೇವಕ, ಕೇಳದೆ ಅಳಿಸತೊಡಗಿತು. ಜೇಕಬ್ ಯಂತ್ರಗಳ ಕೋಣೆಗೆ ಫೋನು ಮಾಡಿ 'ಮೊದಲು ತಂತಿ ಕಿತ್ತುಹಾಕಿ' ಎಂದು ಕೂಗಬೇಕಾಯಿತು. ಅಷ್ಟರೊಳಗೆ ಚಿತ್ರದ ಶೇ. 90ರಷ್ಟು ಭಾಗ ಹೋಗಿತ್ತು ಎಂದು ಸಂಸ್ಥೆಯ ಮುಖ್ಯಸ್ಥರಾಗಿದ್ದ ಎಡ್ ಕ್ಯಾಟ್ಮಲ್ 2014ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ.

ಹೋದರೆ ಹೋಗಲಿ, ಟೇಪಿನಲ್ಲಿ ಪ್ರತಿ ಇದೆಯಲ್ಲ ಎಂದುಕೊಂಡು ಅದನ್ನು ತಂದು ತುಂಬಿದರು. ಕೆಲಸವೂ ಮತ್ತೆ ಶುರುವಾಯಿತು. ಕೆಲವು ದಿನ ಕಳೆದ ಮೇಲೆ ಗೊತ್ತಾದ ಸಂಗತಿಯೆಂದರೆ ಟೇಪಿನ ಪ್ರತಿಯೂ ಕೆಟ್ಟಿತ್ತು. ಜೇಕಬ್ ಆಮೇಲೆ ವಿವರಿಸಿರುವ ಪ್ರಕಾರ, ಪ್ರತಿಯ ಗಾತ್ರ 4 ಗಿಗಾಬೈಟ್ ಮುಟ್ಟಿದಾಗ ಅದರ ಮಿತಿ ಮುಗಿದು ಹೊಸದು ಸೇರುವುದೇ ನಿಂತಿತ್ತು. ಜಾಗ ತುಂಬಿದೆ ಎಂದು ಎಚ್ಚರಿಸಬೇಕಿದ್ದ ವರದಿಯ ಕಡತವೂ ಆ ತುಂಬಿದ ಜಾಗದಲ್ಲೇ ಇದ್ದುದರಿಂದ, ಅದರಲ್ಲಿ ಒಂದಕ್ಷರ ಬರೆಯಲೂ ಸ್ಥಳವಿರಲಿಲ್ಲ! ಕಳ್ಳ ಬಂದಾಗ ಕಾವಲುಗಾರನ ಬಾಯಿಗೇ ಬಟ್ಟೆ ತುರುಕಿದ ಹಾಗೆ.

ಚಿತ್ರವನ್ನು ಉಳಿಸಿದ್ದು ಒಂದು ಬಾಣಂತನ. ಮೇಲ್ವಿಚಾರಕ ತಾಂತ್ರಿಕ ನಿರ್ದೇಶಕಿ ಗ್ಯಾಲಿನ್ ಸುಸ್‌ಮನ್ ಅವರಿಗೆ ಮಗು ಹುಟ್ಟಿದ್ದರಿಂದ ಮನೆಯಿಂದಲೇ ಕೆಲಸ ಮಾಡಲು ಒಂದು ಕಂಪ್ಯೂಟರ್ ಕೊಟ್ಟಿದ್ದರು. ಅದಕ್ಕೆ ಆಗಾಗ ಇಡೀ ಚಿತ್ರದ ಕಡತಗಳು ನಕಲಾಗುತ್ತಿದ್ದವು. ಕೆಲವರು ಅವರ ಮನೆಗೆ ಧಾವಿಸಿ, ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ, ವೋಲ್ವೊ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಹಸುಗೂಸನ್ನು ತರುವಷ್ಟು ಜಾಗ್ರತೆಯಿಂದ ಸ್ಟುಡಿಯೊಗೆ ತಂದರು. ಅದರಲ್ಲಿ ಸ್ವಲ್ಪ ಹಳೆಯದಾದ, ಆದರೆ ಸರಿಯಾದ ಚಿತ್ರವಿತ್ತು. ಆಜ್ಞೆ ಕೊಟ್ಟವರು ಯಾರೆಂದು ಸಂಸ್ಥೆ ಹುಡುಕಲು ಹೋಗಲಿಲ್ಲ ಎಂಬುದನ್ನೂ ಕ್ಯಾಟ್ಮಲ್ ದಾಖಲಿಸಿದ್ದಾರೆ. ಅದು ಆ ಸಂಸ್ಥೆಯ ದೊಡ್ಡತನವೆಂದೇ ಹೇಳಬೇಕು.

ಈ ಕಥೆಯಲ್ಲಿ ಬೆರಗಾಗುವ ಅಂಶ ಬೇರೊಂದಿದೆ. ನಿನ್ನೆಯ, ಮೊನ್ನೆಯ, ಹೋದ ತಿಂಗಳಿನ ಪ್ರತಿಯನ್ನು ಬೇಕೆಂದಾಗ ಮರಳಿ ಪಡೆಯುವ ಉಪಾಯವನ್ನು ಕಂಪ್ಯೂಟರಿನವರು ಅದಕ್ಕೆ ಕಾಲು ಶತಮಾನ ಮುಂಚೆಯೇ ಕಂಡುಕೊಂಡಿದ್ದರು. ಆದರೆ ಅದು ಅಕ್ಷರದ ಕಡತಗಳಿಗೆ ಒಗ್ಗಿದಷ್ಟು ಚಿತ್ರಕ್ಕೆ, ಧ್ವನಿಗೆ ಒಗ್ಗಲಿಲ್ಲ.

ಬಳಪ ಮತ್ತು ಕಡತ

ಕನ್ನಡದಲ್ಲಿ ಫೈಲಿಗೆ ಕಡತ ಎನ್ನುತ್ತೇವೆ. ಕಚೇರಿಯ ಕಾಗದಪತ್ರಕ್ಕೂ ಅದೇ ಮಾತು, ಕಂಪ್ಯೂಟರಿನೊಳಗಿನ ಫೈಲಿಗೂ ಅದೇ. ಆದರೆ ಹಿಂದಿನ ಕಡತ ಎಂದರೆ ಹುಣಿಸೆ ಬೀಜದ ಅಂಟು, ಇದ್ದಿಲಪುಡಿ ಬಳಿದು ಕಪ್ಪಾಗಿಸಿದ ಬಟ್ಟೆಯ ಮಡಿಕೆ ಪುಸ್ತಕ. ವರ್ತಕರು, ಶಾನುಭೋಗರು ಅದರ ಮೇಲೆ ಬಿಳಿಯ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರ. ಆದರೆ ಕಡತದ ಮುಖ್ಯ ಅನುಕೂಲ ಯಾವುದು? ಬರೆದುದನ್ನು ಒರೆಸಿ ಅಲ್ಲೇ ಮತ್ತೆ ಬರೆಯಬಹುದು. ಒರೆಸಿದ್ದು ಹೋಯಿತು. ಕಂಪ್ಯೂಟರಿನ ಕಡತವೂ ಹುಟ್ಟಿನಿಂದ ಇದೇ ಸ್ವಭಾವದ್ದು. 'ಸೇವ್' ಗುಂಡಿ ಒತ್ತಿದರೆ ಉಳಿಯುವುದು ಈಗಿನದು ಮಾತ್ರ, ಹಿಂದಿನದರ ಮೇಲೆ ಬಳಪ ಎಳೆದಂತೆಯೇ. ಹೆಸರಿಟ್ಟವರು ಅರಿತು ಇಟ್ಟರೋ ಅರಿಯದೆ ಇಟ್ಟರೋ, ಹೆಸರು ಮಾತ್ರ ಚೆನ್ನಾಗಿ ಒಪ್ಪುತ್ತದೆ.

ಈ ಸ್ವಭಾವವನ್ನು ತಿದ್ದುವ ಮೊದಲ ಗಮನಾರ್ಹ ಪ್ರಯತ್ನ 1972ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ನಡೆಯಿತು. ಅಲ್ಲಿದ್ದ ಮಾರ್ಕ್ ರಾಕ್‌ಕೈಂಡ್ 'ಸೋರ್ಸ್ ಕೋಡ್ ಕಂಟ್ರೋಲ್ ಸಿಸ್ಟಮ್' ಎಂಬ ತಂತ್ರಾಂಶ ಬರೆದರು. ಒಂದು ಪ್ರೋಗ್ರಾಮನ್ನು ನೂರು ಸಲ ತಿದ್ದಿದರೆ ನೂರು ಪ್ರತಿ ಇಡಬೇಕಿಲ್ಲ. ಪ್ರತಿ ಸಲ ಯಾವ ಸಾಲು ಸೇರಿತು, ಯಾವ ಸಾಲು ಹೋಯಿತು, ತಿದ್ದಿದವರು ಯಾರು, ಏಕೆ ಎಂಬುದನ್ನಷ್ಟೇ ಬರೆದಿಟ್ಟರೆ ಸಾಕು ಎಂಬುದು ಅವರ ಯುಕ್ತಿ. ಈ ವ್ಯತ್ಯಾಸಕ್ಕೆ 'ಡೆಲ್ಟಾ' ಎಂದು ಹೆಸರಾಯಿತು. 1982ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ವಾಲ್ಟರ್ ಟಿಕಿ ಇದನ್ನು ತಿರುವಿಹಾಕಿದರು. ಜನ ಹೆಚ್ಚಾಗಿ ಕೇಳುವುದು ಇವತ್ತಿನ ಪ್ರತಿಯನ್ನೇ ತಾನೆ? ಆದ್ದರಿಂದ ಅವರ 'ಆರ್‌ಸಿಎಸ್' ಇವತ್ತಿನದನ್ನು ಪೂರ್ತಿ ಇಟ್ಟು, ನಿನ್ನೆಗೆ, ಮೊನ್ನೆಗೆ ಹೋಗಲು ಮೆಟ್ಟಿಲಿಳಿದ ಹಾಗೆ ಹಿಂದುಹಿಂದಕ್ಕೆ ವ್ಯತ್ಯಾಸಗಳನ್ನು ಇಟ್ಟಿತು.

ಇದಕ್ಕಿಂತ ಸರಳವಾದ ದಾರಿಯೂ ಒಂದಿತ್ತು. 1970ರ ದಶಕದ ಕೊನೆಯಲ್ಲಿ ಬಂದ ಡಿಜಿಟಲ್ ಕಂಪನಿಯ 'ವ್ಯಾಕ್ಸ್' ಯಂತ್ರಗಳಲ್ಲಿ ಪ್ರತಿ ಸಲ ಸೇವ್ ಮಾಡಿದಾಗಲೂ ಕಡತದ ಹೆಸರಿನ ಮುಂದೆ 1, 2, 3 ಎಂದು ಸಂಖ್ಯೆ ಏರಿ ಹೊಸ ಕಡತವೇ ಹುಟ್ಟುತ್ತಿತ್ತು. ಹಳೆಯದು ಹಾಗೇ ಇರುತ್ತಿತ್ತು. ಡಿಸ್ಕು ತುಂಬಿದಾಗ 'ಪರ್ಜ್' ಎಂಬ ಆಜ್ಞೆ ಕೊಟ್ಟು ಹಳೆಯವನ್ನು ಕಳೆಯುತ್ತಿದ್ದರು. ಡಿಸ್ಕು ದುಬಾರಿಯಾಗಿದ್ದ ಕಾಲವದು. ಆಜ್ಞೆ ಆಗಾಗ ಬೇಕಾಗುತ್ತಿತ್ತೆಂದು ಬೇರೆ ಹೇಳಬೇಕಿಲ್ಲ.

ಚಿತ್ರದಲ್ಲಿ ಸಾಲುಗಳಿಲ್ಲ

ರಾಕ್‌ಕೈಂಡ್, ಟಿಕಿ ಇಬ್ಬರ ಯುಕ್ತಿಯೂ ನಿಂತಿರುವುದು ಸಾಲುಗಳ ಮೇಲೆ. ಪ್ರೋಗ್ರಾಮಿನಲ್ಲಿ ಸಾಲುಗಳಿವೆ. 10,000 ಸಾಲಿನ ಪ್ರೋಗ್ರಾಮು ಎಂದರೂ ಕೆಲವು ನೂರು ಕಿಲೋಬೈಟಿನದು, ತಿದ್ದುಪಡಿಯೋ ನಾಲ್ಕಾರು ಸಾಲಿನದು. ಚಿತ್ರದ ಲೆಕ್ಕ ನೋಡಿ. ಈಗಿನ '4ಕೆ' ಅಳತೆಯ ಚಲನಚಿತ್ರದ ಒಂದೇ ಚೌಕಟ್ಟಿನಲ್ಲಿ ಅಡ್ಡಕ್ಕೆ 4096, ಉದ್ದಕ್ಕೆ 2160 ಚುಕ್ಕೆಗಳಿರುತ್ತವೆ. ಪ್ರತಿ ಚುಕ್ಕೆಗೆ ಮೂರು ಬಣ್ಣ, ಪ್ರತಿ ಬಣ್ಣಕ್ಕೆ 2 ಬೈಟ್ ಎಂದರೆ ಒಂದು ಚೌಕಟ್ಟಿಗೆ ಸುಮಾರು 53 ಮೆಗಾಬೈಟ್. ಸೆಕೆಂಡಿಗೆ 24 ಚೌಕಟ್ಟು. ಹಿಂಡದೆ ಇಟ್ಟರೆ ಒಂದು ನಿಮಿಷದ ಚಿತ್ರಕ್ಕೆ 76 ಗಿಗಾಬೈಟ್ ಬೇಕು. ನಿರ್ದೇಶಕರು ಆ ಒಂದು ನಿಮಿಷವನ್ನು 20 ಸಲ ತಿದ್ದಿಸಿದರೆ (ತಿದ್ದಿಸದ ನಿರ್ದೇಶಕರುಂಟೆ?) ಒಂದೂವರೆ ಟೆರಾಬೈಟ್.

ಹಾಗಾದರೆ ಇಲ್ಲೂ ವ್ಯತ್ಯಾಸವನ್ನಷ್ಟೇ ಇಡಬಾರದೇಕೆ? ಅಲ್ಲೇ ಇರುವುದು ತೊಡಕು. ಚಿತ್ರ, ಧ್ವನಿ, ವಿಡಿಯೊಗಳನ್ನು ಸಾಮಾನ್ಯವಾಗಿ ಹಿಂಡಿ ಚಿಕ್ಕದಾಗಿಸಿ ಇಡುತ್ತಾರೆ. ಹಾಗೆ ಹಿಂಡಿದ ಕಡತದಲ್ಲಿ ಒಂದು ಭಾಗದ ಅರ್ಥ ಅದರ ಹಿಂದಿನ ಭಾಗವನ್ನು ಅವಲಂಬಿಸಿರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣಗೆ ಬೆಳಕು ಹೆಚ್ಚಿಸಿ ಮತ್ತೆ ಸೇವ್ ಮಾಡಿದರೂ ಒಳಗಿನ ಬೈಟುಗಳು ಬಹುಮಟ್ಟಿಗೆ ಬೇರೆಯೇ ಆಗಿಬಿಡುತ್ತವೆ. ನೋಡುವವರಿಗೆ ಎರಡೂ ಒಂದೇ ಚಿತ್ರ, ಯಂತ್ರಕ್ಕೆ ಎರಡು ಅಪರಿಚಿತ ರಾಶಿ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಇಬ್ಬರು ಒಂದೇ ಪ್ರೋಗ್ರಾಮನ್ನು ಬೇರೆಬೇರೆ ಕಡೆ ತಿದ್ದಿದರೆ ಎರಡನ್ನೂ ಸೇರಿಸಿ ಒಂದಾಗಿಸಲು ಯಂತ್ರಕ್ಕೆ ಬರುತ್ತದೆ. ಒಬ್ಬ ಕಲಾವಿದ ಗೊಂಬೆಯ ಹುಬ್ಬನ್ನೂ ಇನ್ನೊಬ್ಬಾಕೆ ಅದೇ ಕಡತದಲ್ಲಿ ಟೊಪ್ಪಿಗೆಯನ್ನೂ ತಿದ್ದಿದರೆ ಆ ಎರಡನ್ನು ಬೆಸೆಯುವುದು ಯಂತ್ರಕ್ಕೆ ಗೊತ್ತಿಲ್ಲ. ಕೊನೆಗೆ ಸೇವ್ ಮಾಡಿದವರು ಗೆದ್ದರು. ಮೊದಲಿನವರ ಎರಡು ದಿನದ ದುಡಿಮೆ ಗಾಳಿಗೆ ಹೋಯಿತು.

ಪರಿಹಾರವೆಂದು ಬಂದುದು ಬೀಗ. ಇದು ಹಳೆಯ ಗ್ರಂಥಾಲಯದ ಕ್ರಮವೇ: ಒಬ್ಬರು ಪುಸ್ತಕ ಒಯ್ದಿದ್ದರೆ ಇನ್ನೊಬ್ಬರು ಕಾಯಬೇಕು. ಕ್ರಿಸ್ಟೋಫರ್ ಸೀವಾಲ್ಡ್ 1995ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪಿಸಿದ 'ಪರ್ಫೋರ್ಸ್' ಸಂಸ್ಥೆಯ ತಂತ್ರಾಂಶ ಹೀಗೆ ಬೀಗ ಹಾಕುವುದನ್ನೂ ದೊಡ್ಡ ಕಡತಗಳನ್ನೂ ಚೆನ್ನಾಗಿ ನಿಭಾಯಿಸಿದ್ದರಿಂದ ವಿಡಿಯೊ ಗೇಮ್ ತಯಾರಿಸುವ ಸ್ಟುಡಿಯೊಗಳಲ್ಲಿ ನೆಲೆಯೂರಿತು. ಅಲ್ಲಿ ಇಂದಿಗೂ ಅದರ ಬಳಕೆ ಹೆಚ್ಚು. ಬೀಗ ಹಾಕಿದ ಕಲಾವಿದರು ರಜೆಯ ಮೇಲೆ ಊರಿಗೆ ಹೋದರೆ ಏನು ಗತಿ ಎಂಬುದು ಅಂಥ ಕಡೆಗಳಲ್ಲಿ ಹಳೆಯ ಗೋಳು. ಮೇಲ್ವಿಚಾರಕರು ಬೀಗ ಒಡೆಯಬಹುದು, ಒಡೆದ ಮೇಲಿನ ಜಗಳ ಬೇರೆ ಮಾತು.

ಇದೇ ತಂತ್ರಾಂಶದಲ್ಲಿ ಇನ್ನೊಂದು ಸೌಕರ್ಯವಿದೆ, ಇಡೀ ಸಮಸ್ಯೆಯ ತಿರುಳು ಅದರಲ್ಲೇ ಇದೆ ಎನ್ನಬಹುದು. ಒಂದು ಬಗೆಯ ಕಡತಕ್ಕೆ 'ಕೊನೆಯ ಹತ್ತು ಪ್ರತಿ ಮಾತ್ರ ಇಟ್ಟುಕೋ' ಎಂದು ಗುರುತು ಹಾಕಬಹುದು. ಹನ್ನೊಂದನೆಯದು ಬಂದಾಗ ಮೊದಲನೆಯದು ಹೋಗುತ್ತದೆ. ಇತಿಹಾಸ ಇಡುವ ತಂತ್ರಾಂಶವೇ ಇತಿಹಾಸವನ್ನು ಎಲ್ಲಿಂದ ಮರೆಯಬೇಕೆಂದು ಕೇಳುತ್ತದೆ. ಅಕ್ಷರದ ಕಡತ ಬರೆಯುವವರಿಗೆ ಈ ಪ್ರಶ್ನೆ ಎದುರಾಗುವುದು ಅಪರೂಪ.

ಎಲ್ಲರಿಗೂ ಎಲ್ಲವೂ

2000ದಲ್ಲಿ ಕೊಲಾಬ್‌ನೆಟ್ ಸಂಸ್ಥೆ ಆರಂಭಿಸಿದ 'ಸಬ್‌ವರ್ಷನ್' ಎಂಬ ಉಚಿತ ತಂತ್ರಾಂಶ ಅಕ್ಷರ, ಚಿತ್ರ ಎಂಬ ಭೇದ ಮಾಡದೆ ಬೈಟುಗಳ ನಡುವೆಯೇ ವ್ಯತ್ಯಾಸ ಹುಡುಕಿತು. ಆಮ್‌ಸ್ಟರ್‌ಡ್ಯಾಮಿನ ಬ್ಲೆಂಡರ್ ಸ್ಟುಡಿಯೊದವರು ತಮ್ಮ ಮುಕ್ತ ಆನಿಮೇಷನ್ ಚಿತ್ರಗಳ ಕಡತಗಳನ್ನು ಇದರಲ್ಲಿ ಇಟ್ಟರು. ಎಲ್ಲ ಪ್ರತಿಗಳೂ ಇರುವುದು ನಡುವಿನ ಒಂದು ಯಂತ್ರದಲ್ಲಿ; ಕಲಾವಿದರ ಮೇಜಿಗೆ ಬರುವುದು ಆ ಹೊತ್ತಿಗೆ ಬೇಕಾದುದು ಮಾತ್ರ. ದೊಡ್ಡ ಕಡತಗಳಿಗೆ ಇದು ಒಗ್ಗುವ ಕ್ರಮ.

ಆದರೆ ಕಾಲದ ಗಾಳಿ ಬೇರೆ ಕಡೆ ಬೀಸಿತು. ಅದರ ಹಿಂದೆ ಒಂದು ಮುನಿಸಿನ ಕಥೆಯಿದೆ. ಲಿನಕ್ಸ್ ತಂಡದವರು 2002ರಿಂದ 'ಬಿಟ್‌ಕೀಪರ್' ಎಂಬ ಖಾಸಗಿ ತಂತ್ರಾಂಶವನ್ನು ಬಿಟ್ಟಿಯಾಗಿ ಬಳಸುತ್ತಿದ್ದರು. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಅದರ ಒಳಗುಟ್ಟು ತಿಳಿಯಲು ಹೊರಟರು. ಅವರು ಮಾಡಿದ್ದು ಇಷ್ಟೇ: ಬಿಟ್‌ಕೀಪರ್ ಯಂತ್ರಕ್ಕೆ ಸಂಪರ್ಕ ಸಾಧಿಸಿ 'ಹೆಲ್ಪ್' ಎಂದು ಟೈಪು ಮಾಡಿದರು, ಅದು ತನಗೆ ಗೊತ್ತಿರುವ ಆಜ್ಞೆಗಳನ್ನೆಲ್ಲ ಒಪ್ಪಿಸಿತು! 2005ರಲ್ಲಿ ಒಂದು ಸಮ್ಮೇಳನದಲ್ಲಿ ಅವರು ಇದನ್ನು ಎಲ್ಲರೆದುರು ಮಾಡಿ ತೋರಿಸಿದರು. ಅಷ್ಟರಲ್ಲಿ ಮುನಿದ ಬಿಟ್‌ಕೀಪರ್‌ನವರು ಬಿಟ್ಟಿ ಸೌಕರ್ಯ ಹಿಂತೆಗೆದುಕೊಂಡಿದ್ದರು. ಲಿನಕ್ಸಿನ ಜನಕ ಲೈನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಕೆಲವೇ ದಿನಗಳಲ್ಲಿ ಅದರ ಬದಲಿಗೆ 'ಗಿಟ್' ಬರೆದರು. ಇಂದು ಜಗತ್ತಿನ ಪ್ರೋಗ್ರಾಮುಗಳಲ್ಲಿ ಬಹುಪಾಲು ಇರುವುದು ಅದರಲ್ಲೇ.

ಗಿಟ್‌ನ ತತ್ತ್ವ ಉದಾರವಾದುದು. ಕೆಲಸಕ್ಕೆ ಸೇರಿದ ಪ್ರತಿಯೊಬ್ಬರ ಯಂತ್ರಕ್ಕೂ ಇಡೀ ಇತಿಹಾಸ ಬರುತ್ತದೆ. ಒಂದು ಕಡೆ ಬೆಂಕಿ ಬಿದ್ದರೆ ನೂರು ಕಡೆ ಉಳಿದಿರುತ್ತದೆ. ಹೇಳಿಕೇಳಿ ಪಿಕ್ಸಾರ್ ಚಿತ್ರವನ್ನು ಉಳಿಸಿದ್ದೂ ಇಂಥದೇ ಒಂದು ಪೂರ್ಣ ಪ್ರತಿಯಲ್ಲವೆ? ಆದರೆ ಇಲ್ಲೂ ಚಿತ್ರದವರ ಹಣೆಬರಹ ಬೇರೆ. ಒಂದು ಗಿಗಾಬೈಟಿನ ವಿಡಿಯೊವನ್ನು 20 ಸಲ ತಿದ್ದಿ ಗಿಟ್‌ಗೆ ಹಾಕಿದರೆ, ನಾಳೆ ಕೆಲಸಕ್ಕೆ ಸೇರುವವರು ಮೊದಲ ದಿನವೇ ಸುಮಾರು 20 ಗಿಗಾಬೈಟ್ ಹೊರಬೇಕು. ಯಾರೋ ಮರೆತು ಹಾಕಿದ ಕಡತವನ್ನು ಆಮೇಲೆ ಅಳಿಸಿದರೂ ಇತಿಹಾಸದಲ್ಲಿ ಅದು ಕೂತೇ ಇರುತ್ತದೆ. ಗಿಟ್‌ಹಬ್ ತಾಣ 100 ಮೆಗಾಬೈಟಿಗಿಂತ ದೊಡ್ಡ ಕಡತವನ್ನು ಬಾಗಿಲಲ್ಲೇ ತಡೆಯುವುದು ಇದಕ್ಕಾಗಿಯೇ.

ಸ್ವಾರಸ್ಯವೆಂದರೆ, ಗಿಟ್ ಹುಟ್ಟಲು ಕಾರಣರಾದ ಅದೇ ಟ್ರಿಜೆಲ್ ದೊಡ್ಡ ಕಡತಗಳ ವ್ಯತ್ಯಾಸ ಹಿಡಿಯುವ ಉಪಾಯವೊಂದನ್ನು 1996ರಲ್ಲೇ ಪಾಲ್ ಮ್ಯಾಕೆರಸ್ ಜತೆಗೂಡಿ ಕೊಟ್ಟಿದ್ದರು. 'ಆರ್‌ಸಿಂಕ್' ಎಂಬ ಆ ತಂತ್ರಾಂಶ ಕಡತವನ್ನು ತುಂಡುಗಳಾಗಿ ನೋಡಿ, ಆ ಕಡೆ ಇಲ್ಲದ ತುಂಡುಗಳನ್ನಷ್ಟೇ ಕಳುಹಿಸುತ್ತದೆ. ಅದೇ ಜಾಡಿನಲ್ಲಿ 2001ರಲ್ಲಿ ಅಮೆರಿಕದ ಸಂಶೋಧಕರು ಇನ್ನೊಂದು ಹೆಜ್ಜೆ ಇಟ್ಟರು. ಅದನ್ನು ಹೂವಿನ ದಂಡೆಯ ಉದಾಹರಣೆಯಿಂದ ಹೇಳಬಹುದು. ಮಲ್ಲಿಗೆಯ ನಡುನಡುವೆ ಒಂದೊಂದು ಕನಕಾಂಬರ ಕಟ್ಟಿದ ಉದ್ದನೆಯ ದಂಡೆಯನ್ನು ಹತ್ತತ್ತು ಹೂವಿಗೆ ಕತ್ತರಿಸುತ್ತಾ ಹೋದಿರೆನ್ನಿ. ಯಾರಾದರೂ ದಂಡೆಯ ಮೊದಲಿಗೆ ಒಂದೇ ಒಂದು ಹೂ ಸೇರಿಸಿದರೂ ಎಲ್ಲ ತುಂಡುಗಳೂ ಬದಲಾಗುತ್ತವೆ. ಅದರ ಬದಲು ಕನಕಾಂಬರ ಬಂದ ಕಡೆಯಲ್ಲೆಲ್ಲ ಕತ್ತರಿಸಿದರೆ? ಮೊದಲ ತುಂಡು ಮಾತ್ರ ಬದಲು, ಮಿಕ್ಕವು ಹಳೆಯವೇ. ಕಡತದ ಒಳಗಿನ ಗುರುತು ನೋಡಿಯೇ ಕತ್ತರಿಸುವ ಈ ಕ್ರಮ ಇಂದು 'ಬಪ್', 'ಬೋರ್ಗ್', 'ರೆಸ್ಟಿಕ್' ಮೊದಲಾದ ತಂತ್ರಾಂಶಗಳ ಜೀವಾಳ. ಹಿಂಡದ ಧ್ವನಿ, ಚಿತ್ರಗಳಿಗೆ ಇದು ವರ. ಹಿಂಡಿದವುಗಳಿಗೆ ಮಾತ್ರ ಅಷ್ಟಾಗಿ ನಾಟುವುದಿಲ್ಲ. ಅಲ್ಲಿ ಪ್ರತಿ ಸಲವೂ ದಂಡೆಯನ್ನೇ ಹೊಸದಾಗಿ ಕಟ್ಟಿರುತ್ತಾರೆ.

ಚೀಟಿ ಇಲ್ಲಿ, ಸರಕು ಅಲ್ಲಿ

ಗಿಟ್ ಬಳಸುವವರು ಕೊನೆಗೆ ಹಿಡಿದ ದಾರಿ ಉಗ್ರಾಣದ್ದು. ಸರಕನ್ನು ಉಗ್ರಾಣದಲ್ಲಿ ಹಾಕಿ, ಕೈಯಲ್ಲಿ ಚೀಟಿ ಇಟ್ಟುಕೊಳ್ಳುವುದು. ಸೌರವಿದ್ಯುತ್ತಿನಿಂದ ನಡೆಯುವ ಮನೆಯಲ್ಲಿ, ನಿಧಾನ ಗತಿಯ ಇಂಟರ್ನೆಟ್ಟಿನಲ್ಲಿ ಕೆಲಸ ಮಾಡುವುದಕ್ಕೆ ಹೆಸರಾದ ಜೋಯಿ ಹೆಸ್ ಎಂಬ ಪ್ರೋಗ್ರಾಮರ್ 2010ರಲ್ಲಿ 'ಗಿಟ್ ಅನೆಕ್ಸ್' ಬರೆದರು. ಇದು ಗಿಟ್‌ನೊಳಗೆ ದೊಡ್ಡ ಕಡತವನ್ನು ಇಡುವುದಿಲ್ಲ, ಅದರ ಗುರುತನ್ನಷ್ಟೇ ಇಡುತ್ತದೆ. ಜತೆಗೆ ಯಾವ ಕಡತ ಯಾವ ಡಿಸ್ಕಿನಲ್ಲಿದೆ, ಕಪಾಟಿನಲ್ಲಿ ಇಟ್ಟ ಡಿಸ್ಕಿನಲ್ಲೋ, ಗೆಳೆಯರ ಮನೆಯ ಯಂತ್ರದಲ್ಲೋ ಎಂಬ ಪಟ್ಟಿ ಇಡುತ್ತದೆ. ಒಂದು ಕಡೆಯಿಂದ ತೆಗೆದುಹಾಕಲು ಹೋದರೆ, ಬೇರೆ ಕಡೆ ಸಾಕಷ್ಟು ಪ್ರತಿಗಳಿವೆಯೇ ಎಂದು ಪರೀಕ್ಷಿಸಿ, ಇಲ್ಲದಿದ್ದರೆ ಒಲ್ಲೆನೆನ್ನುತ್ತದೆ. ಅಂದಿನ ಪಿಕ್ಸಾರ್ ಯಂತ್ರಕ್ಕೆ ಇಲ್ಲದೆಹೋದ ಗುಣ ಇದೇ. ಮೆದುಳಿನ ಸ್ಕ್ಯಾನ್ ಚಿತ್ರಗಳ ರಾಶಿಯೊಂದಿಗೆ ಹೆಣಗುವ ನರವಿಜ್ಞಾನಿಗಳು ಇದರ ಮೇಲೆ 'ಡೇಟಾಲ್ಯಾಡ್' ಎಂಬ ವ್ಯವಸ್ಥೆಯನ್ನೇ ಕಟ್ಟಿಕೊಂಡಿದ್ದಾರೆ.

2015ರ ಏಪ್ರಿಲ್‌ನಲ್ಲಿ ಗಿಟ್‌ಹಬ್ ಸಂಸ್ಥೆ ಇದೇ ತತ್ತ್ವದ ಮೇಲೆ 'ಗಿಟ್ ಎಲ್‌ಎಫ್‌ಎಸ್' ಪ್ರಕಟಿಸಿತು. ಇದರ ಚೀಟಿ ಮೂರು ಸಾಲಿನದು: ಯಾವ ಕ್ರಮದ ಚೀಟಿ, ಕಡತದ ಬೆರಳಚ್ಚಿನಂಥ ಒಂದು ಉದ್ದನೆಯ ಸಂಖ್ಯೆ, ಗಾತ್ರ. ಒಟ್ಟು ಸುಮಾರು 130 ಅಕ್ಷರ. ಹಿಂದಿನ 20 ಪ್ರತಿಗಳೆಂದರೆ 20 ಚೀಟಿ ಅಷ್ಟೇ. ಸರಕು ಬೇಕಾದಾಗ ಉಗ್ರಾಣದಿಂದ ಬರುತ್ತದೆ. 2017ರಲ್ಲಿ ಇದಕ್ಕೂ ಬೀಗದ ಸೌಕರ್ಯ ಸೇರಿತು. ಗ್ರಂಥಾಲಯದ ಕ್ರಮವನ್ನು ಹಳತೆಂದು ಬಿಟ್ಟವರು ಮತ್ತೆ ಅಲ್ಲಿಗೇ ಬಂದರು.

ಈ ಅನುಕೂಲಕ್ಕೆ ಬೆಲೆಯೂ ಇದೆ. ಗಿಟ್‌ನಲ್ಲಿ ಪ್ರತಿಯೊಬ್ಬರ ಬಳಿಯೂ ಇರುತ್ತಿದ್ದ ಪೂರ್ಣ ಇತಿಹಾಸ ಎಲ್‌ಎಫ್‌ಎಸ್‌ನಲ್ಲಿ ಇಲ್ಲ. ಅದು ಉಗ್ರಾಣದಲ್ಲಿದೆ, ಉಗ್ರಾಣಕ್ಕೆ ಬಾಡಿಗೆಯಿದೆ. ಬಾಡಿಗೆ ನಿಂತು ಸರಕು ಹೋದರೆ ತಿದ್ದಿದವರ ಹೆಸರು, ತಾರೀಖು, ಕಾರಣ ಎಲ್ಲವೂ ಅಚ್ಚುಕಟ್ಟಾಗಿ ಉಳಿದಿರುತ್ತವೆ. ಚಿತ್ರ ತೆರೆಯಲು ಹೋದರೆ ಮಾತ್ರ ಮೂರು ಸಾಲಿನ ಚೀಟಿ ಕಾಣುತ್ತದೆ. ಹೀಗಾಗಿ ಅನೇಕ ಸಣ್ಣ ಸ್ಟುಡಿಯೊಗಳಲ್ಲಿ, ಮದುವೆ ಆಲ್ಬಂ ಮಾಡುವ ಅಂಗಡಿಗಳಲ್ಲಿ ಇಂದಿಗೂ ಚಾಲ್ತಿಯಲ್ಲಿರುವುದು 'ಫೈನಲ್', 'ಫೈನಲ್ 2', 'ನಿಜವಾದ ಫೈನಲ್' ಎಂದು ಹೆಸರಿಟ್ಟುಕೊಂಡು ಹೋಗುವ ಪದ್ಧತಿ. ನಗುವಂಥದೇನೂ ಅಲ್ಲ. ವ್ಯಾಕ್ಸ್ ಯಂತ್ರ ತಾನಾಗಿ ಮಾಡುತ್ತಿದ್ದುದನ್ನು ಅವರು ಕೈಯಿಂದ ಮಾಡುತ್ತಿದ್ದಾರೆ.

ಇನ್ನು 'ಟಾಯ್ ಸ್ಟೋರಿ 2'. ಮನೆಯಿಂದ ಬಂದ ಪ್ರತಿಯೊಡನೆ ಅಳಿದುಳಿದ ಕಡತಗಳನ್ನು ಹೋಲಿಸಿ, ಸಾವಿರಾರು ಕಡತಗಳನ್ನು ಮನುಷ್ಯರೇ ಕೂತು ಕಣ್ಣಿನಿಂದ ಪರೀಕ್ಷಿಸಿ ಚಿತ್ರವನ್ನು ಮತ್ತೆ ನಿಲ್ಲಿಸಿದರು. ಅದಾಗಿ ಹೆಚ್ಚು ಕಾಲವಾಗಿರಲಿಲ್ಲ, ಕಥೆಯೇ ಸಪ್ಪೆಯಾಗಿದೆಯೆಂದು ಸಂಸ್ಥೆ ತೀರ್ಮಾನಿಸಿತು. ನಿರ್ದೇಶಕ ಜಾನ್ ಲ್ಯಾಸೆಟರ್ ಮತ್ತು ತಂಡ ಅದನ್ನು ಹೊಸದಾಗಿ ಬರೆದು, ಸುಮಾರು ಒಂಬತ್ತು ತಿಂಗಳಲ್ಲಿ ಮತ್ತೆ ತಯಾರಿಸಿ, 1999ರ ನವೆಂಬರ್‌ನಲ್ಲಿ ತೆರೆಗೆ ತಂದರು. ಗೊಂಬೆಗಳು ಅವೇ ಉಳಿದವು. ಕಂಬಳಿ ಹೊದ್ದು ಕಾರಿನಲ್ಲಿ ಬಂದ ಆ ಚಿತ್ರದ ದೃಶ್ಯಗಳಲ್ಲಿ ಹೆಚ್ಚಿನವು ಪ್ರೇಕ್ಷಕರು ಕಂಡ ಚಿತ್ರದಲ್ಲಿ ಇಲ್ಲ.